ಒಂದು ಕೀಬೋರ್ಡ್, ಎರಡು ಕಂಪ್ಯೂಟರ್, ಒಂದು ತಪ್ಪು ಪೇಸ್ಟ್

ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಆಫೀಸು. ಶಿವಮೊಗ್ಗದ ಒಂದಿಪ್ಪತ್ತು ಅಂಗಡಿಗಳ ಲೆಕ್ಕ ಬರೆಯೋದು, ಜಿಎಸ್‌ಟಿ ರಿಟರ್ನ್ ಹಾಕೋದು ನನ್ನ ಕೆಲಸ. ಮೇಜಿನ ಮೇಲೆ ಎಡಗಡೆ ಲ್ಯಾಪ್‌ಟಾಪು, ಬಲಗಡೆ ಡೆಸ್ಕ್‌ಟಾಪು. ಟ್ಯಾಲಿ, ಬಿಲ್ಲುಗಳು, ಗಿರಾಕಿಗಳ ಕಡತ ಎಲ್ಲ ಡೆಸ್ಕ್‌ಟಾಪಿನಲ್ಲಿ. ಮೇಲ್, ಮೀಟಿಂಗು, ವಾಟ್ಸ್ಆ್ಯಪ್, ಮಗನ ಶಾಲೆಯ ಫೀಸು, ಗ್ಯಾಸ್ ಬುಕಿಂಗು ಎಲ್ಲ ಲ್ಯಾಪ್‌ಟಾಪಿನಲ್ಲಿ. ಕೆಲಸ ಒಂದು ಕಡೆ, ಸಂಸಾರ ಇನ್ನೊಂದು ಕಡೆ ಇರಲಿ ಅಂತಲೇ ಹೀಗೆ ಮಾಡಿಕೊಂಡಿದ್ದು.

ಆದರೆ ಎರಡು ಕಂಪ್ಯೂಟರ್ ಅಂದ ಮೇಲೆ ಎರಡು ಕೀಬೋರ್ಡು, ಎರಡು ಮೌಸು. ಡೆಸ್ಕ್‌ಟಾಪಿನ ಮೌಸ್ ಹಿಡಿದು ಲ್ಯಾಪ್‌ಟಾಪ್ ನೋಡುತ್ತಾ, "ಯಾಕೆ ಬಾಣ ಅಲ್ಲಾಡ್ತಿಲ್ಲ?" ಅಂತ ಬೈದುಕೊಂಡಿದ್ದು ಲೆಕ್ಕವಿಲ್ಲ. ದಿನಕ್ಕೆ ನೂರು ಸಲ ಆ ಕಡೆಗೆ, ಈ ಕಡೆಗೆ ಮೈ ತಿರುಗಿಸಿ ತಿರುಗಿಸಿ ಬಲ ಭುಜ ಹಿಡಿದುಕೊಳ್ಳೋಕೆ ಶುರುವಾಯ್ತು. ತಿಂಗಳ 11ಕ್ಕೆ ಒಂದು ರಿಟರ್ನು, 20ಕ್ಕೆ ಇನ್ನೊಂದು. ಆ ವಾರಗಳಲ್ಲಂತೂ ರಾತ್ರಿ ಅಮೃತಾಂಜನ ಹಚ್ಚದೆ ನಿದ್ದೆಯಿಲ್ಲ.

ಹಬ್ಬಕ್ಕೆ ಬೆಂಗಳೂರಿನಿಂದ ಬಂದ ಚಿಕ್ಕಪ್ಪನ ಮಗ ಇದನ್ನು ನೋಡಿ ನಕ್ಕ. "ಅಕ್ಕಾ, ಇನ್ನೂ ಎರಡು ಮೌಸ್ ಇಟ್ಕೊಂಡು ಒದ್ದಾಡ್ತಿದ್ದೀಯಾ? ಒಂದನ್ನ ತೆಗೆದು ಡ್ರಾಯರಿಗೆ ಹಾಕು. ಹತ್ತು ನಿಮಿಷ ಕೂತ್ಕೋ, ಮಾಡಿಕೊಡ್ತೀನಿ" ಅಂದ.

ಹತ್ತು ನಿಮಿಷ ಅಂದಿದ್ದು ಅರ್ಧ ಗಂಟೆ ಆಯ್ತು. ಆದರೆ ಆಮೇಲೆ ಕಂಡದ್ದು ನಿಜಕ್ಕೂ ಮಜಾ ಇತ್ತು. ಡೆಸ್ಕ್‌ಟಾಪಿನ ಮೌಸನ್ನು ಎಡಕ್ಕೆ ತಳ್ಳುತ್ತಾ ಹೋದರೆ ಬಾಣ ಪರದೆಯ ಅಂಚಿಗೆ ಹೋಗಿ ಮಾಯವಾಗಿ, ಪಕ್ಕದ ಲ್ಯಾಪ್‌ಟಾಪಿನ ಪರದೆಯಲ್ಲಿ ಎದ್ದು ಬರುತ್ತೆ! ಬಾಣ ಎಲ್ಲಿದೆಯೋ ಕೀಬೋರ್ಡೂ ಅಲ್ಲಿಗೇ ಹೋಗುತ್ತೆ. ಮಧ್ಯೆ ವೈರು ಇಲ್ಲ, ಡಬ್ಬಿ ಇಲ್ಲ. ನಮ್ಮತ್ತೆ ಬಾಗಿಲಲ್ಲಿ ನಿಂತು ನೋಡಿ, "ಪಕ್ಕದ ಮನೆಗೆ ಗೋಡೆ ಹಾರಿ ಹೋಗೋ ಬೆಕ್ಕಿನ ಹಾಗಿದೆಯಲ್ಲೇ ಇದು" ಅಂದರು.

ಅತ್ತೆಯ ಬೆಕ್ಕಿನ ಮಾತು ಮುಂದೆ ಹೀಗೆ ನಿಜವಾಗುತ್ತೆ ಅಂತ ಆಗ ಗೊತ್ತಿರಲಿಲ್ಲ. ಅದಕ್ಕೆ ಬರ್ತೀನಿ. ಮೊದಲು ಇದೇನು ಅಂತ ಹೇಳಿಬಿಡ್ತೀನಿ, ಯಾಕಂದರೆ ಇದು ನಿಮ್ಮಲ್ಲಿ ತುಂಬಾ ಜನಕ್ಕೆ ಉಪಯೋಗಕ್ಕೆ ಬರುವಂಥದ್ದೇ.

ಇದು ಹೇಗೆ ಕೆಲಸ ಮಾಡುತ್ತೆ?

ಮೊದಲು ಇಂಥ ಕೆಲಸಕ್ಕೆ ಕೆವಿಎಂ ಸ್ವಿಚ್ ಅನ್ನೋ ಡಬ್ಬಿ ಬಳಸ್ತಿದ್ದರು. ಈಗಲೂ ಸಿಗುತ್ತೆ. ಕೀಬೋರ್ಡ್, ವಿಡಿಯೋ, ಮೌಸ್ ಮೂರನ್ನೂ ಡಬ್ಬಿಗೆ ಸಿಕ್ಕಿಸಿ, ಗುಂಡಿ ಒತ್ತಿದರೆ ಮೂರೂ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಬದಲಾಗುತ್ತವೆ. ಮಾನಿಟರ್ ಒಂದೇ ಇದ್ದರೆ ಅದೇ ಸರಿ.

ತಂತ್ರಾಂಶದ ದಾರಿ ಬೇರೆ. ಇಲ್ಲಿ ಪ್ರತಿ ಕಂಪ್ಯೂಟರಿಗೂ ಅದರದೇ ಪರದೆ ಇರಬೇಕು. ಹಂಚಿಕೊಳ್ಳೋದು ಕೀಬೋರ್ಡು ಮತ್ತು ಮೌಸನ್ನು ಮಾತ್ರ. ಎರಡೂ ಕಂಪ್ಯೂಟರಿನಲ್ಲಿ ಒಂದೇ ತಂತ್ರಾಂಶ ಹಾಕಬೇಕು, ಎರಡೂ ಮನೆಯ ಒಂದೇ ವೈಫೈ ಅಥವಾ ಕೇಬಲಿನ ಜಾಲದಲ್ಲಿರಬೇಕು. ಬಾಣ ಅಂಚು ದಾಟಿದ ಕ್ಷಣದಿಂದ, "ಮೌಸ್ ಇಷ್ಟು ಸರಿಯಿತು, ಈ ಕೀಲಿ ಒತ್ತಿದರು" ಅನ್ನೋ ಸುದ್ದಿಯನ್ನು ಮೊದಲ ಕಂಪ್ಯೂಟರ್ ಎರಡನೆಯದಕ್ಕೆ ಜಾಲದ ಮೂಲಕ ಕಳಿಸುತ್ತೆ. ಪರದೆಯ ಚಿತ್ರ ಹೋಗಲ್ಲ, ಬರೀ ಈ ಪುಟ್ಟ ಸುದ್ದಿಗಳು. ಅದಕ್ಕೇ ಇಷ್ಟು ಚುರುಕು. ದೂರದ ಕಂಪ್ಯೂಟರಿನ ಪರದೆಯನ್ನೇ ನಮ್ಮ ಕಿಟಕಿಯಲ್ಲಿ ತೋರಿಸುವ ರಿಮೋಟ್ ಡೆಸ್ಕ್‌ಟಾಪಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ.

ಇದು ಹೊಸದೇನಲ್ಲ. 1996ರ ಕೊನೆಯಲ್ಲಿ ಅಮೆರಿಕದ ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ಅಂಗಸಂಸ್ಥೆ ಕಾಸ್ಮೋ ಸಾಫ್ಟ್‌ವೇರ್‌ನಲ್ಲಿ ಇದರ ಮೊದಲ ರೂಪ ಹುಟ್ಟಿತು. ಅಲ್ಲಿನ ಎಂಜಿನಿಯರುಗಳ ಮೇಜಿನ ಮೇಲೂ ನನ್ನ ಹಾಗೇ ಎರಡೆರಡು ಯಂತ್ರ: ಕಂಪನಿಯದೇ ವರ್ಕ್‌ಸ್ಟೇಷನ್ ಒಂದು, ವಿಂಡೋಸ್ ಕಂಪ್ಯೂಟರ್ ಒಂದು. ಆ ತಂತ್ರಾಂಶ ಹೊರಗೆ ಬರಲಿಲ್ಲ. 2001ರಲ್ಲಿ ಕ್ರಿಸ್ ಶೋನೆಮನ್ ಅನ್ನೋರು ಅದೇ ಯೋಚನೆಯನ್ನು ಹೊಸದಾಗಿ ಬರೆದು 'ಸಿನರ್ಜಿ' ಅಂತ ಎಲ್ಲರಿಗೂ ಬಿಟ್ಟರು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರ ನಡುವೆಯೂ ಓಡಾಡಬಹುದಾದ ತಂತ್ರಾಂಶ ಅದು. ಅದರ ಮೂಲದಿಂದಲೇ ಆಮೇಲೆ ಬ್ಯಾರಿಯರ್, ಇನ್‌ಪುಟ್ ಲೀಪ್, ಡೆಸ್ಕ್‌ಫ್ಲೋ ಅಂತ ಉಚಿತ ಮುಕ್ತ ತಂತ್ರಾಂಶಗಳು ಬಂದವು. ಈಗ ಹೊಸದಾಗಿ ಹಾಕಿಕೊಳ್ಳುವವರು ಬ್ಯಾರಿಯರ್ ಬಿಟ್ಟು, ಡೆಸ್ಕ್‌ಫ್ಲೋ ಅಥವಾ ಇನ್‌ಪುಟ್ ಲೀಪ್ ನೋಡೋದು ಒಳ್ಳೇದು. ಬ್ಯಾರಿಯರ್ ಕೆಲಸ ನಿಂತು ವರ್ಷಗಳಾದವು.

ಎರಡೂ ವಿಂಡೋಸ್ ಆದರೆ ಇನ್ನೂ ಸುಲಭ. 'ಮೌಸ್ ವಿದೌಟ್ ಬಾರ್ಡರ್ಸ್' ಅಂತ ಮೈಕ್ರೋಸಾಫ್ಟಿನದೇ ಉಚಿತ ತಂತ್ರಾಂಶ ಇದೆ. 2011ರಲ್ಲಿ ಬಂತು, 2023ರಲ್ಲಿ ಅವರ 'ಪವರ್‌ಟಾಯ್ಸ್' ಅನ್ನೋ ಕಟ್ಟಿನೊಳಗೆ ಸೇರಿತು. ನಾಲ್ಕು ಕಂಪ್ಯೂಟರಿನ ತನಕ ಜೋಡಿಸಬಹುದು. ನಾನು ಬಳಸೋದು ಇದನ್ನೇ. ಮ್ಯಾಕ್, ಐಪ್ಯಾಡ್ ಇರೋರಿಗೆ ಏನೂ ಹಾಕಬೇಕಾಗಿಲ್ಲ. 2022ರ ಮಾರ್ಚಿನಿಂದ 'ಯೂನಿವರ್ಸಲ್ ಕಂಟ್ರೋಲ್' ಒಳಗೇ ಇದೆ. ಎಲ್ಲದರಲ್ಲೂ ಒಂದೇ ಆಪಲ್ ಖಾತೆ ಇರಬೇಕು ಅಷ್ಟೆ. ಲಾಜಿಟೆಕ್ಕಿನ ಕೆಲವು ಮೌಸುಗಳಲ್ಲಿ 'ಫ್ಲೋ' ಅಂತ ಇದೇ ಥರದ ಸೌಲಭ್ಯವಿದೆ. ಅದು ವಿಂಡೋಸ್, ಮ್ಯಾಕ್ ಎರಡರ ನಡುವೆಯೂ ನಡೆಯುತ್ತೆ.

ಜೋಡಿಸೋದು ಕಷ್ಟವಲ್ಲ. ಮೊದಲ ಕಂಪ್ಯೂಟರಿನಲ್ಲಿ ಒಂದು ಭದ್ರತಾ ಕೀಲಿ, ಅಂದರೆ ಉದ್ದನೆಯ ಗುಟ್ಟಿನ ಪದ, ಹುಟ್ಟುತ್ತೆ. ಎರಡನೆಯದರಲ್ಲಿ ಆ ಪದ ಮತ್ತು ಮೊದಲ ಕಂಪ್ಯೂಟರಿನ ಹೆಸರು ಬರೆದರೆ ಸಂಬಂಧ ಕುದುರುತ್ತೆ. ಆಮೇಲೆ ಯಾವುದು ಎಡಕ್ಕಿದೆ, ಯಾವುದು ಬಲಕ್ಕಿದೆ ಅಂತ ಚಿತ್ರವನ್ನು ಎಳೆದು ಜೋಡಿಸಬೇಕು. ಇದನ್ನು ತಪ್ಪಿಸಿದರೆ ಎಡಗಡೆ ಇರೋ ಲ್ಯಾಪ್‌ಟಾಪಿಗೆ ಹೋಗಲು ಬಲಕ್ಕೆ ತಳ್ಳಬೇಕಾಗುತ್ತೆ. ನಮ್ಮ ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ಹೋಗಿದ್ದು ಇದಕ್ಕೇ.

ಕನ್ನಡದಲ್ಲಿ ಟೈಪ್ ಮಾಡೋರಿಗೆ ಒಂದು ಮಾತು. ಕನ್ನಡದ ಕೀಲಿಮಣೆ ವಿನ್ಯಾಸವನ್ನು ಎರಡೂ ಕಂಪ್ಯೂಟರಿನಲ್ಲಿ ಹಾಕಿಟ್ಟುಕೊಳ್ಳಿ. ನುಡಿಯೋ, ವಿಂಡೋಸಿನದೇ ಕನ್ನಡವೋ, ಎರಡೂ ಕಡೆ ಒಂದೇ ಇರಲಿ. ಕೀಬೋರ್ಡ್ ಒಂದೇ ಆದರೂ ಕನ್ನಡ ಮೂಡಿಸೋದು ಕಂಪ್ಯೂಟರ್ ತಾನೇ.

ಮೊದಲ ಎರಡು ತಿಂಗಳು

ಸತ್ಯ ಹೇಳ್ತೀನಿ, ಮೊದಲ ಎರಡು ತಿಂಗಳು ನಾನು ಇದನ್ನು ಸಿಕ್ಕಿದವರಿಗೆಲ್ಲ ಹೊಗಳಿದೆ. ಭುಜದ ನೋವು ಕಡಿಮೆಯಾಯ್ತು. ಮೇಜಿನ ಮೇಲೆ ಒಂದು ಕಾಫಿ ಲೋಟ ಇಡುವಷ್ಟು ಜಾಗ ಬಂತು.

ಎಲ್ಲಕ್ಕಿಂತ ಇಷ್ಟವಾಗಿದ್ದು ಕಾಪಿ-ಪೇಸ್ಟು. ಒಂದು ಕಂಪ್ಯೂಟರಿನಲ್ಲಿ ಕಾಪಿ ಮಾಡಿದ್ದನ್ನು ಇನ್ನೊಂದರಲ್ಲಿ ಪೇಸ್ಟ್ ಮಾಡಬಹುದು! ಗಿರಾಕಿ ಮೇಲ್‌ನಲ್ಲಿ ಕಳಿಸಿದ ಇನ್‌ವಾಯ್ಸ್ ನಂಬರನ್ನು ಲ್ಯಾಪ್‌ಟಾಪಿನಲ್ಲಿ ಕಾಪಿ ಮಾಡಿ, ಡೆಸ್ಕ್‌ಟಾಪಿನ ಟ್ಯಾಲಿಗೆ ಹಾಕೋದು. ಮೊದಲೆಲ್ಲ ನನಗೆ ನಾನೇ ಮೇಲ್ ಕಳಿಸಿಕೊಳ್ತಿದ್ದೆ, ಇಲ್ಲವೇ ಪೆನ್‌ಡ್ರೈವ್ ಹುಡುಕ್ತಿದ್ದೆ. 100 ಎಂಬಿ ತನಕದ ಫೈಲನ್ನೂ ಹೀಗೇ ದಾಟಿಸಬಹುದು ಅಂತ ಗೊತ್ತಾದಾಗ ಪೆನ್‌ಡ್ರೈವ್ ಕೂಡ ಡ್ರಾಯರ್ ಸೇರಿತು.

ಎರಡು ಕಂಪ್ಯೂಟರು ಅನ್ನೋದೇ ಮರೆತುಹೋಯ್ತು. ಒಂದೇ ಉದ್ದನೆಯ ಮೇಜು, ಒಂದೇ ಉದ್ದನೆಯ ಪರದೆ. ನನಗೆ ತೊಂದರೆ ತಂದಿದ್ದೂ ಈ ಮರೆವೇ.

ಆ ರಾತ್ರಿ

ಅವತ್ತು 19ನೇ ತಾರೀಕು. ರಾತ್ರಿ ಹತ್ತೂವರೆ. ಮರುದಿನ ಕೊನೇ ದಿನ, ಇನ್ನೂ ಆರು ಜನರ ರಿಟರ್ನು ಬಾಕಿ. ನಾದಿನಿಯ ಸೀಮಂತ ಆ ಭಾನುವಾರ. ಲ್ಯಾಪ್‌ಟಾಪಿನಲ್ಲಿ ತೆರೆದಿದ್ದ ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ದೊಡ್ಡಮಾವ ಎರಡನೇ ಸಲ ಕೇಳಿದರು: "ಛತ್ರದ ವಿಳಾಸ ಯಾರಾದರೂ ಹಾಕ್ರೋ."

ವಿಳಾಸ ನನ್ನ ಹತ್ತಿರ ಇತ್ತು. ಮೇಲ್ ತೆಗೆದು ಕಾಪಿ ಮಾಡಿದೆ. ಅಷ್ಟರಲ್ಲಿ ಬಲಗಡೆ ಪರದೆಯಲ್ಲಿ ಟ್ಯಾಲಿ ಏನೋ ಕೇಳ್ತಾ ನಿಂತಿತ್ತು. ಹೋಗಿ ಅದನ್ನು ನೋಡಿದೆ. ಹಾಗೇ, ಅವತ್ತು ಯಾರ್ಯಾರದು ಬಾಕಿ ಅಂತ ಬರೆದಿಟ್ಟುಕೊಳ್ಳಲು ಗಿರಾಕಿಗಳ ಪಟ್ಟಿಯಿಂದ ಹಾರ್ಡ್‌ವೇರ್ ಅಂಗಡಿ ಶೆಟ್ಟರ ಮೂರು ಸಾಲು ಕಾಪಿ ಮಾಡಿ ಇನ್ನೊಂದು ನೋಟ್‌ಪ್ಯಾಡಿಗೆ ಹಾಕಿದೆ. ಅಂಗಡಿ ಹೆಸರು, ಜಿಎಸ್‌ಟಿ ಪೋರ್ಟಲಿನ ಯೂಸರ್ ಐಡಿ, ಪಾಸ್‌ವರ್ಡ್.

ಆಮೇಲೆ ದೊಡ್ಡಮಾವನ ನೆನಪಾಯ್ತು. ಬಾಣ ಎಡಕ್ಕೆ ಹೋಯ್ತು. ಕಂಟ್ರೋಲ್ ವಿ. ಎಂಟರ್. ಬಾಣ ಮತ್ತೆ ಬಲಕ್ಕೆ ಬಂತು. ಪರದೆ ನೋಡಲೇ ಇಲ್ಲ.

ನಾಲ್ಕೈದು ನಿಮಿಷದ ಮೇಲೆ ಟಿಂಗ್ ಅಂತು. ದೊಡ್ಡಮಾವ: "ಇದು ಯಾವ ಛತ್ರನಮ್ಮಾ? ಕೊನೇ ಸಾಲು ಅರ್ಥ ಆಗ್ಲಿಲ್ಲ."

ನೋಡಿದೆ. ಎದೆ ಧಸಕ್ಕೆಂದಿತು.

ಕ್ಲಿಪ್‌ಬೋರ್ಡ್ ಒಂದೇ. ಡೆಸ್ಕ್‌ಟಾಪಿನಲ್ಲಿ ಹೊಸದಾಗಿ ಕಾಪಿ ಮಾಡಿದ ತಕ್ಷಣ ಲ್ಯಾಪ್‌ಟಾಪಿನಲ್ಲಿದ್ದ ವಿಳಾಸ ಅಳಿಸಿಹೋಗಿ, ಆ ಜಾಗಕ್ಕೆ ಶೆಟ್ಟರ ಪಾಸ್‌ವರ್ಡ್ ಬಂದು ಕೂತಿತ್ತು. ತಂತ್ರಾಂಶ ತಾನು ಮಾಡಬೇಕಾದ್ದನ್ನೇ ಸರಿಯಾಗಿ ಮಾಡಿತ್ತು. ತಪ್ಪು ಪೂರ್ತಿ ನನ್ನದು. ಪಾಸ್‌ವರ್ಡುಗಳನ್ನು ನೋಟ್‌ಪ್ಯಾಡಿನಲ್ಲಿ ಹಾಗೇ ಬರೆದಿಟ್ಟದ್ದು ನಾನು. ನೋಡದೆ ಎಂಟರ್ ಒತ್ತಿದ್ದೂ ನಾನೇ.

ಗುಂಪಿನಲ್ಲಿ 42 ಜನ. 'ಎಲ್ಲರಿಗೂ ಅಳಿಸು' ಒತ್ತುವ ಮೊದಲು ಯಾರ್ಯಾರು ಓದಿದ್ದಾರೆ ಅಂತ ತೆಗೆದು ನೋಡಿದೆ. ಒಂಬತ್ತು ಹೆಸರು. ಅದರಲ್ಲಿ ಒಂದು ಹೆಸರು ಕಂಡು ಕೈ ತಣ್ಣಗಾಯ್ತು. ನಮ್ಮ ಭಾವನವರು. ಅವರದೂ ಹಾರ್ಡ್‌ವೇರ್ ಅಂಗಡಿ, ಶೆಟ್ಟರ ಅಂಗಡಿಯಿಂದ ಐದನೇ ಬಾಗಿಲು.

ಜಿಎಸ್‌ಟಿ ಗೊತ್ತಿರೋರಿಗೆ ಇದರ ತೂಕ ಗೊತ್ತಾಗುತ್ತೆ. ಬರೀ ಪಾಸ್‌ವರ್ಡ್ ಇದ್ದರೆ ರಿಟರ್ನ್ ಸಲ್ಲಿಸೋಕೆ ಆಗಲ್ಲ. ಅದಕ್ಕೆ ಶೆಟ್ಟರ ಮೊಬೈಲಿಗೆ ಬರೋ ಒಟಿಪಿಯೋ, ಡಿಜಿಟಲ್ ಸಹಿಯೋ ಬೇಕು. ಆದರೆ ಒಳಗೆ ಹೋದವರು ನೋಡಬಹುದಾದ್ದು ಕಡಿಮೆಯೇನಲ್ಲ. ಶೆಟ್ಟರು ಯಾವ ಸರಬರಾಜುದಾರರಿಂದ ಮಾಲು ತರಿಸ್ತಾರೆ, ಎಷ್ಟು ಮೊತ್ತದ ಬಿಲ್ಲು, ತಿಂಗಳ ವ್ಯಾಪಾರ ಎಷ್ಟು, ಎಲ್ಲ ಅಲ್ಲಿರುತ್ತೆ. ಅದೇ ಬೀದಿಯಲ್ಲಿ ಅದೇ ವ್ಯಾಪಾರ ಮಾಡೋರ ಕೈಗೆ ಅದು ಹೋಗೋದು ಅಂದರೆ, ಅಂಗಡಿ ಗಲ್ಲಾಪೆಟ್ಟಿಗೆ ತೆರೆದಿಟ್ಟ ಹಾಗೆ.

ಮೆಸೇಜ್ ಅಳಿಸಿದೆ. ಕೂಡಲೇ ಪೋರ್ಟಲಿಗೆ ಹೋಗಿ ಪಾಸ್‌ವರ್ಡ್ ಬದಲಾಯಿಸಿದೆ. ಗಡಿಯಾರ ನೋಡಿದರೆ ಹತ್ತೂ ಐವತ್ತು. ಒಟ್ಟು ಹತ್ತು ಹನ್ನೆರಡು ನಿಮಿಷ ಅದು ಹೊರಗಿತ್ತು.

ಹೇಳೋದೋ ಬೇಡವೋ

ಇವರಿಗೆ ಎಬ್ಬಿಸಿ ಹೇಳಿದೆ. "ಬದಲಾಯಿಸಿದೆಯಲ್ಲ, ಮತ್ತೇನು? ಭಾವ ಅಂಥದ್ದೆಲ್ಲ ಮಾಡೋರಲ್ಲ. ಶೆಟ್ಟರಿಗೆ ಹೇಳಿದ್ರೆ ಇಲ್ಲದ ಅನುಮಾನ ಹುಟ್ಟುತ್ತೆ. ಸುಮ್ನೆ ಮಲಕ್ಕೋ" ಅಂದರು.

ಅವರ ಮಾತು ತಪ್ಪು ಅಂತ ಹೇಳಲಾರೆ. ನನಗೂ ಹಾಗೇ ಅನ್ನಿಸಿತ್ತು. ಹೊಸ ಪಾಸ್‌ವರ್ಡ್ ಶೆಟ್ಟರಿಗೆ ಹೇಗಿದ್ದರೂ ಕೊಡಬೇಕಿತ್ತು. "ಭದ್ರತೆಗೆ ಅಂತ ಬದಲಾಯಿಸಿದೆ ಶೆಟ್ರೆ" ಅಂದಿದ್ದರೆ ಮುಗಿದುಹೋಗ್ತಿತ್ತು. ಪೂರ್ತಿ ಸುಳ್ಳೂ ಅಲ್ಲ. ರಾತ್ರಿಯೆಲ್ಲ ಆ ವಾಕ್ಯವನ್ನೇ ಮನಸ್ಸಿನಲ್ಲಿ ಹೇಳಿ ಹೇಳಿ ನೋಡಿದೆ.

ಆದರೆ ಭಾವ ಯಾವತ್ತೋ ಒಂದು ದಿನ ಅಂಗಡಿ ಮುಂದೆ ತಮಾಷೆಗೆ, "ಏನ್ ಶೆಟ್ರೆ, ನಿಮ್ಮ ಪಾಸ್‌ವರ್ಡ್ ನಮ್ಮ ಗುಂಪಿಗೆ ಬಂದಿತ್ತಲ್ಲ" ಅಂದುಬಿಟ್ಟರೆ? ಶೆಟ್ಟರಿಗೆ ಆ ಸುದ್ದಿ ನನ್ನ ಬಾಯಿಂದಲೇ ಹೋಗಬೇಕಿತ್ತು.

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯೋ ಹೊತ್ತಿಗೇ ಹೋದೆ. ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಶೆಟ್ಟರು ಕೈಯಲ್ಲಿದ್ದ ಊದುಬತ್ತಿಯನ್ನು ದೇವರ ಪಟಕ್ಕೆ ಸಿಕ್ಕಿಸಿ, ತಿರುಗಿ ಕೇಳಿದ್ದು ಒಂದೇ ಪ್ರಶ್ನೆ:

"ಯಾರ್ಯಾರು ನೋಡಿದ್ರಮ್ಮಾ?"

"ಒಂಬತ್ತು ಜನ. ನಮ್ಮ ಭಾವನವರೂ ನೋಡಿದ್ದಾರೆ."

ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹನ್ನೊಂದು ವರ್ಷ ಆಯ್ತು ನಿಮ್ಮ ಹತ್ರ ಲೆಕ್ಕ ಬರೆಸೋಕೆ ಶುರು ಮಾಡಿ" ಅಂದರು. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗ್ತಿತ್ತು.

ಭಾವನವರಿಗೂ ಫೋನ್ ಮಾಡಿದೆ. "ಅಯ್ಯೋ, ಅದೇನು ಅಂತಾನೇ ನೋಡ್ಲಿಲ್ಲಮ್ಮಾ ನಾನು, ಛತ್ರದ ವಿಳಾಸ ಇರ್ಬೇಕು ಅಂದ್ಕೊಂಡೆ" ಅಂದರು. ನಂಬಿದೆ. ಅದನ್ನು ಪರೀಕ್ಷೆ ಮಾಡೋ ದಾರಿಯೂ ನನಗಿರಲಿಲ್ಲ.

ಶೆಟ್ಟರು ಲೆಕ್ಕ ಬೇರೆ ಕಡೆ ತೆಗೆದುಕೊಂಡು ಹೋಗಲಿಲ್ಲ. ಆದರೆ ಅದೇ ವಾರ ಮಗಳ ಕೈಯಲ್ಲಿ ಪಾಸ್‌ವರ್ಡ್ ಮತ್ತೆ ಬದಲಾಯಿಸಿದರು. ಈಗ ಪ್ರತಿ ತಿಂಗಳೂ ಆ ಹುಡುಗಿ ಸ್ಕೂಟರಿನಲ್ಲಿ ಬಂದು, ನನ್ನ ಕುರ್ಚಿಯಲ್ಲಿ ಕೂತು, ತಾನೇ ಪಾಸ್‌ವರ್ಡ್ ಹಾಕಿ, ನನಗೆ ಜಾಗ ಬಿಟ್ಟುಕೊಡ್ತಾಳೆ. ಅವಳು ಟೈಪ್ ಮಾಡುವಾಗ ನಾನು ಕಿಟಕಿ ಕಡೆ ನೋಡ್ತೀನಿ.

ನಾನು ಬದಲಾಯಿಸಿಕೊಂಡಿದ್ದು

ಹಾಗಂತ ತಂತ್ರಾಂಶ ತೆಗೆದುಹಾಕಲಿಲ್ಲ. ಭುಜದ ನೋವು ಮತ್ತೆ ಬೇಡ. ಆದರೆ ಒಂದು ವಿಷಯ ತಲೆಗೆ ಹತ್ತಿತು. ಎರಡು ಕಂಪ್ಯೂಟರಿನ ನಡುವೆ ಇದ್ದ ಆ ತೊಂದರೆ, ಆ ಮೌಸ್ ಬಿಟ್ಟು ಈ ಮೌಸ್ ಹಿಡಿಯೋ ಕಷ್ಟ, ನನಗೆ ಗೊತ್ತಿಲ್ಲದೇ ಒಂದು ಕೆಲಸ ಮಾಡ್ತಿತ್ತು. ಗಿರಾಕಿಗಳ ಗುಟ್ಟು ಈ ಕಡೆ, ಮನೆಮಂದಿ ಆ ಕಡೆ ಅಂತ ಬೇಲಿ ಕಾಯ್ತಿತ್ತು. ನಾನು ತೊಂದರೆಯ ಜೊತೆಗೆ ಬೇಲಿಯನ್ನೂ ಕಿತ್ತುಹಾಕಿದ್ದೆ. ಈಗ ಬೇಲಿ ಬೇಕಾದ ಕಡೆ ಮಾತ್ರ ಮತ್ತೆ ಹಾಕಿಕೊಂಡಿದ್ದೀನಿ.

ಮೊದಲನೆಯದು, ಕ್ಲಿಪ್‌ಬೋರ್ಡ್ ಹಂಚಿಕೆ ನಿಲ್ಲಿಸಿದೆ. ಸೆಟ್ಟಿಂಗಿನಲ್ಲಿ ಅದಕ್ಕೇ ಒಂದು ಗುಂಡಿ ಇದೆ. ಮೌಸ್, ಕೀಬೋರ್ಡ್ ದಾಟಲಿ, ಕಾಪಿ ಮಾಡಿದ್ದು ದಾಟೋದು ಬೇಡ. ಇಂಥ ತಂತ್ರಾಂಶಗಳಲ್ಲಿ ಸಾಮಾನ್ಯವಾಗಿ ಈ ಆಯ್ಕೆ ಇರುತ್ತೆ, ಹುಡುಕಿ ನೋಡಿ. ಫೈಲ್ ದಾಟಿಸೋದನ್ನೂ ನಿಲ್ಲಿಸಿದ್ದೀನಿ. ಬೇಕಾದ ದಿನ ಹಾಕಿಕೊಂಡು, ಕೆಲಸ ಮುಗಿದ ಮೇಲೆ ತೆಗೀತೀನಿ.

ಎರಡನೆಯದು, ಬಾಣ ಸುಮ್ಮಸುಮ್ಮನೆ ಗಡಿ ದಾಟದ ಹಾಗೆ ಮಾಡಿದೆ. ಮೌಸ್ ವಿದೌಟ್ ಬಾರ್ಡರ್ಸ್‌ನಲ್ಲಿ ಕಂಟ್ರೋಲ್ ಅಥವಾ ಶಿಫ್ಟ್ ಹಿಡಿದರೆ ಮಾತ್ರ ದಾಟು ಅಂತ ಹೇಳಬಹುದು. ಸಿನರ್ಜಿ ಕುಟುಂಬದ ತಂತ್ರಾಂಶಗಳಲ್ಲಿ ಸ್ಕ್ರಾಲ್ ಲಾಕ್ ಒತ್ತಿದರೆ ಬಾಣ ಇದ್ದ ಪರದೆಯಲ್ಲೇ ಬಂಧಿ. ಅಂಚಿನಲ್ಲಿರೋ ಕಿಟಕಿ ಮುಚ್ಚೋಕೆ ಹೋಗಿ ಪಕ್ಕದ ಕಂಪ್ಯೂಟರಿಗೆ ಬೀಳೋ ಕಾಟವೂ ಇದರಿಂದ ತಪ್ಪುತ್ತೆ. ಒಂದು ಕೀಲಿ ಹಿಡಿಯಬೇಕು ಅನ್ನೋದು ಸಣ್ಣ ಕಷ್ಟ. ಆದರೆ ಅದೇ, "ಈಗ ನಾನು ಆ ಕಡೆ ಹೋಗ್ತಿದ್ದೀನಿ" ಅಂತ ನನಗೆ ನೆನಪಿಸುತ್ತೆ.

ಮೂರನೆಯದು, ನೋಟ್‌ಪ್ಯಾಡಿನ ಪಾಸ್‌ವರ್ಡ್ ಪಟ್ಟಿ ಸುಟ್ಟುಹಾಕಿದೆ, ಅಂದರೆ ಅಳಿಸಿದೆ. ಈಗ ಕೀಪಾಸ್ ಅನ್ನೋ ಉಚಿತ ಪಾಸ್‌ವರ್ಡ್ ತಿಜೋರಿ ಬಳಸ್ತೀನಿ. ಅದರಿಂದ ಕಾಪಿ ಮಾಡಿದ ಪಾಸ್‌ವರ್ಡ್ ಕೆಲವೇ ಸೆಕೆಂಡಿನಲ್ಲಿ ಕ್ಲಿಪ್‌ಬೋರ್ಡಿನಿಂದ ತಾನೇ ಅಳಿಸಿಹೋಗುತ್ತೆ. ಆ ರಾತ್ರಿ ಇದೊಂದಿದ್ದರೂ ಸಾಕಿತ್ತು.

ನಾಲ್ಕನೆಯದು, ಎರಡೂ ಪರದೆಯ ಹಿನ್ನೆಲೆ ಬಣ್ಣ ಬೇರೆ ಮಾಡಿದೆ. ಕೆಲಸದ್ದು ಕಡುಗೆಂಪು, ಮನೆಯದು ಹಸಿರು. ನಗಬೇಡಿ. ಸುಸ್ತಾದ ಕಣ್ಣಿಗೆ ಬಣ್ಣ ಬೇಗ ಗೊತ್ತಾಗುತ್ತೆ.

ಆಫೀಸ್ ಲ್ಯಾಪ್‌ಟಾಪ್ ಇರೋರಿಗೆ

ಇದು ಮನೆಯಿಂದ ಕೆಲಸ ಮಾಡೋರಿಗೆ ಹೇಳಲೇಬೇಕಾದ ಮಾತು. ನನ್ನ ಎರಡೂ ಕಂಪ್ಯೂಟರು ನನ್ನವೇ. ನಿಮ್ಮ ಮೇಜಿನ ಮೇಲಿರೋದರಲ್ಲಿ ಒಂದು ಆಫೀಸಿನದಾಗಿದ್ದರೆ ಕಥೆ ಬೇರೆ.

ಇದನ್ನು ನನಗೆ ಹೇಳಿಕೊಟ್ಟ ಚಿಕ್ಕಪ್ಪನ ಮಗನೇ ತನ್ನ ಆಫೀಸ್ ಲ್ಯಾಪ್‌ಟಾಪಿನಲ್ಲಿ ಇದನ್ನು ಹಾಕಿಲ್ಲ! ಐಟಿ ವಿಭಾಗಕ್ಕೆ ಕೇಳಿದನಂತೆ, ಬೇಡ ಅಂದರಂತೆ. ಯೋಚಿಸಿದರೆ ಅವರ ಕಷ್ಟ ಅರ್ಥವಾಗುತ್ತೆ. ನೀವು ಒತ್ತುವ ಪ್ರತಿ ಕೀಲಿಯೂ, ಆಫೀಸಿನ ಪಾಸ್‌ವರ್ಡ್ ಸೇರಿ, ಮನೆಯ ಕಂಪ್ಯೂಟರಿನಿಂದ ಮನೆಯ ವೈಫೈ ಮೂಲಕ ಆಫೀಸಿನ ಯಂತ್ರಕ್ಕೆ ಹೋಗುತ್ತೆ. ಮನೆಯ ಕಂಪ್ಯೂಟರಿಗೆ ವೈರಸ್ ಬಂದಿದ್ದರೆ? ಕಂಪನಿಯ ಕಡತ ಕ್ಲಿಪ್‌ಬೋರ್ಡಿನಲ್ಲಿ ಕೂತು ಮನೆಯ ಕಂಪ್ಯೂಟರಿಗೆ ಬಂದುಬಿಟ್ಟರೆ? ಕೇಳದೆ ಹಾಕಿಕೊಂಡರೆ ಕೆಲಸಕ್ಕೇ ಕುತ್ತು ಬರಬಹುದು. ಅದೂ ಅಲ್ಲದೆ ಆಫೀಸಿನ ವಿಪಿಎನ್ ಚಾಲೂ ಇದ್ದಾಗ ಮನೆಯ ಜಾಲದ ಸಂಪರ್ಕವೇ ಎಷ್ಟೋ ಸಲ ಕಡಿದುಹೋಗುತ್ತೆ.

ಅವನು ಮಾಡಿಕೊಂಡಿರೋ ಉಪಾಯ ಸರಳ. ಎರಡು ಮೂರು ಯಂತ್ರಕ್ಕೆ ಜೋಡಿಸಬಹುದಾದ ಬ್ಲೂಟೂತ್ ಕೀಬೋರ್ಡು, ಅಂಥದ್ದೇ ಮೌಸು. 1 ಒತ್ತಿದರೆ ಆಫೀಸು, 2 ಒತ್ತಿದರೆ ಮನೆ. ಬಾಣ ತಾನೇ ಗೋಡೆ ಹಾರಲ್ಲ, ಕಾಪಿ-ಪೇಸ್ಟು ದಾಟಲ್ಲ, ಆಫೀಸಿನ ಯಂತ್ರದಲ್ಲಿ ಯಾವ ತಂತ್ರಾಂಶವನ್ನೂ ಹಾಕಬೇಕಾಗಿಲ್ಲ. ಅದಕ್ಕೂ ಒಮ್ಮೆ ಆಫೀಸಿನಲ್ಲಿ ಕೇಳಿಕೊಳ್ಳಿ. ಯುಎಸ್‌ಬಿ ಸ್ವಿಚ್ ಡಬ್ಬಿಯೂ ಹೀಗೇ ಕೆಲಸ ಮಾಡುತ್ತೆ.

ನಿಮ್ಮದೇ ಯಂತ್ರಗಳಾದರೂ ಎರಡು ಎಚ್ಚರಿಕೆ ಬೇಕು. ಪಿಜಿ, ಹಾಸ್ಟೆಲ್, ಕಾಫಿ ಶಾಪಿನ ವೈಫೈನಲ್ಲಿ ಇದನ್ನು ಚಾಲೂ ಮಾಡಬೇಡಿ. ಎನ್‌ಕ್ರಿಪ್ಷನ್ ಅಂತ ಆಯ್ಕೆ ಇದ್ದರೆ ತೆಗೆಯಬೇಡಿ, ಇರಲಿ. ಇನ್ನು ಬಾಣ ತಡವರಿಸಿ ಓಡ್ತಿದ್ದರೆ ವೈಫೈ ಬಿಟ್ಟು ರೂಟರಿನಿಂದ ಕೇಬಲ್ ಎಳೆದು ನೋಡಿ, ಹೆಚ್ಚಿನ ಸಲ ಸರಿಹೋಗುತ್ತೆ. ವಿಂಡೋಸ್ ನಡುನಡುವೆ "ಅನುಮತಿ ಕೊಡ್ತೀರಾ?" ಅಂತ ಕೇಳುವ ಕಿಟಕಿ ಬಂದಾಗ ಆ ಕಡೆಯ ಬಾಣ ಸತ್ತ ಹಾಗೆ ನಿಲ್ಲಬಹುದು. ಗಾಬರಿ ಬೇಡ. ಸೆಟ್ಟಿಂಗಿನಲ್ಲಿ ಇದನ್ನು ಸರ್ವಿಸ್ ಆಗಿ ಓಡಿಸು ಅನ್ನೋ ಆಯ್ಕೆ ಇದೆ. ಅದಕ್ಕೇ ಹಳೇ ಮೌಸನ್ನು ಎಸೆಯಬೇಡಿ, ಡ್ರಾಯರಿನಲ್ಲಿರಲಿ.

ಮೊನ್ನೆ 20ನೇ ತಾರೀಕು ಶೆಟ್ಟರ ಮಗಳು ಬಂದಿದ್ದಳು. ಪಾಸ್‌ವರ್ಡ್ ಹಾಕಿ ಎದ್ದವಳು, ನಾನು ಕಂಟ್ರೋಲ್ ಹಿಡಿದು ಲ್ಯಾಪ್‌ಟಾಪಿಗೆ ದಾಟೋದನ್ನು ನೋಡಿ, "ಆಂಟಿ, ಇದು ಹೇಗೆ ಮಾಡ್ತೀರಾ? ನನಗೂ ಎರಡು ಲ್ಯಾಪ್‌ಟಾಪ್ ಇದೆ, ಹೇಳಿಕೊಡಿ" ಅಂದಳು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲು ತೋರಿಸಿದ್ದು, ಕ್ಲಿಪ್‌ಬೋರ್ಡ್ ನಿಲ್ಲಿಸೋ ಗುಂಡಿ ಎಲ್ಲಿದೆ ಅಂತ. ಮಿಕ್ಕಿದ್ದನ್ನು ಆಮೇಲೆ ಹೇಳಿಕೊಟ್ಟೆ.